ಹುಣಸೂರಿಗೆ ಹರಿದು ಬಂದ ಗಾನಗಂಗೆ

ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಹುಣಸೂರಿನ ಆ ಬೀದಿಯಲ್ಲಿ ಅದನ್ನು ನಂಬಿದವಳು ನಾನೊಬ್ಬಳೇ. ನನ್ನ ಗಂಡ ಶಿವಣ್ಣ ಅದಕ್ಕೆ ‘ಡಬ್ಬ’ ಎಂದು ನಾಮಕರಣ ಮಾಡಿದ್ದರು.

ಪುಣೆಯಲ್ಲಿದ್ದ ನನ್ನ ತಂಗಿ ಸುಧಾ ಒಳ್ಳೆಯ ಹಾಡುಗಾರ್ತಿ. ಮಂಡಿನೋವಿನ ಅಮ್ಮನಿಗೆ ಅಷ್ಟು ದೂರ ಹೋಗಲಾಗದು. ಮಗಳ ಹಾಡು ಕೇಳಿ ವರ್ಷಗಳೇ ಆಗಿದ್ದವು. ಸುಧಾಳ ಗಂಡ ತಮ್ಮ ಮನೆಯ ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ, ಅಲ್ಲಿ ಹಾಡಿದ್ದು ಇಂಟರ್ನೆಟ್ಟಿನಲ್ಲಿ ನಮ್ಮ ಕಂಪ್ಯೂಟರಿಗೆ ಹರಿದು ಬರುವ ಏರ್ಪಾಡು ಮಾಡಿದರು. ಭಾನುವಾರ ಬೆಳಿಗ್ಗೆ ಕಛೇರಿ ಎಂದು ನಾನು ಇಡೀ ವಠಾರಕ್ಕೆ ಸಾರಿಬಿಟ್ಟೆ!

ಅಮ್ಮ ಮದುವೆಗೆ ಉಡುವ ಸೀರೆ ಉಟ್ಟು ಕುಳಿತರು. ಪಕ್ಕದ ಮನೆಯ ನಸ್ರೀನ್ ಹೊಲಿಯುತ್ತಿದ್ದ ರವಿಕೆಯ ಸಮೇತ ಬಂದರು. ನಾನು ಫೋನಿನ ತಂತಿಯನ್ನು ಮೋಡೆಮ್ಮಿಗೆ ಚುಚ್ಚಿದೆ. ಅದು ಕಿರ್ರೋ ಎಂದು ಅರಚಿತು.

“ಇದೇ ಆಡಾ?” ಎಂದರು ಅಮ್ಮ.

“ಅಲ್ಲಮ್ಮ, ಲೈನು ಸೇರ್ತಾ ಇದೆ.”

ಲೈನು ಸೇರಿತು. ಪರದೆಯ ಮೇಲೆ ಒಂದು ಗೆರೆ ಬಸುರಿಯಂತೆ ನಿಧಾನವಾಗಿ ನಡೆಯಿತು. ನಿಂತಿತು. ಮತ್ತೆ ನಡೆಯಿತು. ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ಸ್ಪೀಕರಿನಿಂದ ದನಿ ಹೊರಟಿತು.

“ಗ್ಳ... ಗ್ಳ... ಆ... ಗ್ಳ್ಳ...”

“ಬಂತು!” ಎಂದು ಚೀರಿದೆ.

“ಆಡಲ್ಲ ಕಣೇ,” ಎಂದರು ಶಿವಣ್ಣ. “ಗಂಟ್ಲಲ್ಲಿ ಏನೋ ಸಿಕ್ಕಂಡೈತೆ.”

“ಅದು ಆಲಾಪನೆ! ನಮ್ಮ ಲೈನು ನಿಧಾನ. ಅದಕ್ಕೇ ಸ್ವರಗಳು ಒಂದೊಂದಾಗಿ ಇಳೀತಾ ಇವೆ,” ಎಂದು ಸಭೆಗೆ ವಿವರಿಸಿದೆ.

“ಅಷ್ಟು ದೂರದಿಂದ ಬರ್ತಾ ಐತಲ್ಲ, ಸುಸ್ತಾಗಿರ್ತೈತೆ ಪಾಪ,” ಎಂದರು ನಸ್ರೀನ್.

ನಾನು ವಾಲ್ಯೂಮ್ ಪೂರ್ತಿ ಏರಿಸಿದೆ. ಗ್ಳ್ಳ್ಳ ಎಂಬ ನಾದಕ್ಕೆ ಕಿಟಕಿಯ ಗಾಜು ನಡುಗಿತು. ಅಮ್ಮ ಕೈಮುಗಿದರು. ಅವರ ಕಣ್ಣಲ್ಲಿ ನೀರು! “ಅವಳ ಅಜ್ಜಿ ದನೀನೇ ಕಣವ್ವ,” ಎಂದರು. ನಾನು ಗಂಡನತ್ತ ವಿಜಯದ ನೋಟ ಬೀರಿದೆ. ಅಷ್ಟರಲ್ಲಿ ಲೈನು ಕಡಿಯಿತು.

ತಂತಿಯನ್ನು ಫೋನಿಗೆ ಹಾಕಿದ್ದೇ ತಡ, ಅದು ಬಡಿದುಕೊಂಡಿತು. ಸುಧಾ!

“ಅಕ್ಕಾ, ಆಗಿನಿಂದ ಮೊಬೈಲಿಂದ ಫೋನ್ ಮಾಡ್ತಾನೇ ಇದೀನಿ, ಬರೀ ಎಂಗೇಜು! ಶ್ರುತಿಪೆಟ್ಟಿಗೆ ಕೆಟ್ಟೋಗಿದೆ. ನಾನಿನ್ನೂ ಹಾಡೋಕೆ ಶುರು ಮಾಡಿಲ್ಲ ಅಂತ ಹೇಳೋಣ ಅಂತ...”

“ಮತ್ತೆ ಇಷ್ಟು ಹೊತ್ತು ಹಾಡಿದ್ದು ಯಾರೇ?”

ಸುಧಾ ಅತ್ತ ತಿರುಗಿ ಗಂಡನನ್ನು ಏನೋ ಕೇಳಿದಳು.

“ಅಯ್ಯೋ, ಮೈಕ್ ಆಫ್ ಮಾಡಿಲ್ಲ! ನಮ್ಮೋರಿಗೆ ಗಂಟಲು ಕಟ್ಟಿತ್ತು. ಅಲ್ಲೇ ನಿಂತು ಉಪ್ಪುನೀರು ಮುಕ್ಕಳಿಸ್ತಿದ್ರು!”

ನಾನು ತಣ್ಣಗಾದೆ. ಆದರೆ ಅಮ್ಮ ರಿಸೀವರ್ ಕಿತ್ತುಕೊಂಡು, “ಪೆಟ್ಟಿಗೆ ಗಿಟ್ಟಿಗೆ ಯಾಕವ್ವ, ಅಂಗೇ ಆಡು,” ಎಂದರು. ಸುಧಾ ಹಾಡಿದಳು. ಒಂದು ಕಡೆಯೂ ತುಂಡಾಗದೆ, ಪೂರ್ತಿ ಹಾಡು ಅಮ್ಮನ ಕಿವಿ ತುಂಬಿತು. ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ನಾನು ಸೋಲುವವಳೇ? “ಫೋನು ಒಬ್ಬರಿಗೆ ಮಾತ್ರ ಕೇಳಿಸುತ್ತೆ. ನನ್ನ ಕಂಪ್ಯೂಟರು ಇಡೀ ವಠಾರಕ್ಕೆ ಕೇಳಿಸಿತು!” ಎಂದು ಗುಡುಗಿದೆ.

“ಊಂ, ಮುಕ್ಕಳ್ಸೋದ್ನ,” ಎಂದರು ಶಿವಣ್ಣ.

ಮುಕ್ಕಳಿಸಿದ್ದಾದರೇನು? ಹುಣಸೂರಿನಲ್ಲಿ ಕುಳಿತು ಪುಣೆಯ ಗಂಟಲಿಗೆ ಕೈಮುಗಿದ ಮೊದಲ ಸಂಸಾರ ನಮ್ಮದೇ!