ಅತ್ತೆಯವರನ್ನು ಗಣಕ ಮಾದರಿಯಲ್ಲಿ ಸೇರಿಸಿಕೊಳ್ಳುವ ಬಗ್ಗೆ

ಇಂದ:
ಶ್ರೀಮತಿ ಪ್ರೇಮಕುಮಾರಿ ಬಸವರಾಜು, ವಯಸ್ಸು ನಲವತ್ತೇಳು,
ಉಪನ್ಯಾಸಕಿ ಹಾಗೂ ಅರೆಕಾಲಿಕ ಪಿಎಚ್.ಡಿ. ವಿದ್ಯಾರ್ಥಿನಿ, ಹಾಸನ

ಗೆ:
ಡಾ. ಕೇದಾರ್ ಅವರು, ವಯಸ್ಸು ಮೂವತ್ತೆಂಟು,
ಸಂಶೋಧನಾ ಮಾರ್ಗದರ್ಶಕರು, ಹಾಸನ

ವಿಷಯ: ಮಳೆನೀರು ಸೋಸುವ ತೋಟದ ಗಣಕ ಮಾದರಿಗೆ ಅತ್ತೆಯವರನ್ನು ಸೇರಿಸಲು ಅನುಮತಿ ಮತ್ತು ಆರು ತಿಂಗಳ ಕಾಲಾವಕಾಶ ಕೋರಿ.

ಉಲ್ಲೇಖ: ೧) "ಮೂವತ್ತನೇ ತಾರೀಕಿನೊಳಗೆ ಸರಿಯಾದ ಫಲಿತಾಂಶ ಕೊಡಿ, ಇಲ್ಲವೇ ನೋಂದಣಿ ಹಿಂಪಡೆಯಿರಿ" ಎಂಬ ತಮ್ಮ ಇಮೇಲ್.
೨) ಸೆಮಿನಾರಿನಲ್ಲಿ ಎಲ್ಲರೆದುರು ತಾವು ಕೇಳಿದ "ಮೇಡಂ, ಇದು ತೋಟವೋ ತಿಪ್ಪೆಯೋ?" ಎಂಬ ಮೌಖಿಕ ಪ್ರಶ್ನೆ.

ಮಾನ್ಯರೇ,

೧. ಅರ್ಜಿದಾರಳು ತನ್ನ ಬೀದಿಯ ತುದಿಯಲ್ಲಿ ಮೂರಡಿ ಗುಂಡಿ ತೆಗೆಸಿ, ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಒಂದಿಷ್ಟು ಮಣ್ಣು ಹಾಕಿಸಿ, ಲಾವಂಚ, ಕಾಬಾಳೆ ನೆಟ್ಟಿರುವುದು ಸರಿಯಷ್ಟೆ. ರಸ್ತೆಯ ಕೊಳೆನೀರು ಇದರಲ್ಲಿ ಇಳಿದು, ಸೋಸಿ, ತಳದ ಪೈಪಿನಿಂದ ಚರಂಡಿಗೆ ತಿಳಿಯಾಗಿ ಹೋಗಬೇಕು. ನೀರನ್ನು ಕೆಡಿಸುವ ಫಾಸ್ಫೇಟ್ ನೂರಕ್ಕೆ ಎಪ್ಪತ್ತು ಭಾಗ ತಗ್ಗುತ್ತದೆಂದು ಗಣಕ ಮಾದರಿ ಹೇಳಿತ್ತು. ಆದರೆ ಪೈಪಿನಿಂದ ಬಂದ ನೀರಿನಲ್ಲಿ ಅದು ಒಳಗೆ ಹೋದದ್ದರ ಮೂರು ಪಟ್ಟು ಇತ್ತು.

೨. ಕಾರಣ ತಿಳಿಯದೆ ಮರಳನ್ನು ಎರಡು ಸಲ ತೊಳೆಸಲಾಯಿತು. ಬೀದಿನಾಯಿಗಳ ಮೇಲೂ, ಕಸ ಗುಡಿಸುವ ಬೈರಯ್ಯನವರ ಮೇಲೂ, ಕೊನೆಗೆ ಸೋಪು ಹಾಕಿ ಕಾರು ತೊಳೆಯುವ ಗಂಡನ ಮೇಲೂ ಅನುಮಾನ ಪಡಲಾಯಿತು. ಗಂಡನವರು ಅಂದಿನಿಂದ ನಾಲ್ಕು ತಿಂಗಳು ಕಾರು ತೊಳೆದಿಲ್ಲ. ಈ ಬಗ್ಗೆ ಅವರ ಆಕ್ಷೇಪಣೆಯೂ ಇಲ್ಲ.

೩. ಅತ್ತೆ ಶಿವಗಂಗಮ್ಮನವರು, ಎಪ್ಪತ್ತಮೂರು ವರ್ಷ, ತವರು ಶಾಂತಿಗ್ರಾಮ. ಇಪ್ಪತ್ತೆರಡು ವರ್ಷಗಳಲ್ಲಿ ಸೊಸೆಯ ಕೆಲಸದ ಬಗ್ಗೆ ಅವರು ಕೇಳಿರುವುದು "ಇವತ್ತೂ ಕಾಲೇಜೈತಾ?" ಎಂದಷ್ಟೇ. ಪಿಎಚ್.ಡಿ.ಗೆ ಸೇರಿದಾಗ, ಮೊಮ್ಮಕ್ಕಳನ್ನು ಎತ್ತುವ ವಯಸ್ಸಲ್ಲಿ ಪುಸ್ತಕದ ಚೀಲ ಎತ್ತಿದ್ದಾಳೆಂದು ಪಕ್ಕದ ಮನೆಯಲ್ಲಿ ಹೇಳಿದ್ದೂ ಕಿವಿಗೆ ಬಿದ್ದಿತ್ತು. ಆದಕಾರಣ, ಈ ಮನೆಯಲ್ಲಿ ತನ್ನ ಓದಿಗೆ ಹುಲ್ಲುಕಡ್ಡಿಯಷ್ಟು ಸಹಾಯ ಮಾಡಿದವರಿಲ್ಲವೆಂದು ಅರ್ಜಿದಾರಳು ಅಡುಗೆಮನೆಯಿಂದ, ನಡುಮನೆಗೆ ಕೇಳುವಷ್ಟು ಗಟ್ಟಿಯಾಗಿ, ಹಲವು ಸಲ ಹೇಳಿರುತ್ತಾಳೆ.

೪. ಕಳೆದ ಗುರುವಾರ ಮಧ್ಯಾಹ್ನ ಅರ್ಜಿದಾರಳು ಬೇಗ ಮನೆಗೆ ಬಂದಾಗ, ಸದರಿ ಅತ್ತೆಯವರು ಹಿಂದಿನ ಬೀದಿಯ ಪಾಪಯ್ಯನವರ ಕೊಟ್ಟಿಗೆಯಿಂದ ಸೊಂಟದ ಮೇಲೆ ಮಂಕರಿ ಬುಟ್ಟಿ ಹೊತ್ತು ತಂದು, ಸದರಿ ತೋಟಕ್ಕೆ ಸಗಣಿಗೊಬ್ಬರ ಸುರಿಯುತ್ತಿದ್ದುದು ಕಂಡುಬಂದಿತು. ಹೆಚ್ಚುವರಿ ಫಾಸ್ಫೇಟ್ ಈ ಸಗಣಿಯದೇ ಎಂದು ತಿಳಿದು, ಉಲ್ಲೇಖ ೨ರ ಪ್ರಶ್ನೆಗೂ ಉತ್ತರ ಅಲ್ಲಿಯೇ ದೊರಕಿತು. ವಿಚಾರಿಸಲಾಗಿ ಅವರ ಹೇಳಿಕೆ:

"ಬರೀ ಮರಳಲ್ಲಿ ಗಿಡ ನೆಟ್ಟಿದ್ದೀಯಲ್ಲ ಕಣವ್ವ. ಓದ್ದೋರಿಗೆ ಏನ್ ಗೊತ್ತಾಯ್ತದೆ ಅಂತ ವಾರಕ್ಕೊಂದು ಮಂಕ್ರಿ ಆಕ್ತಿದ್ದೆ. ನಿಮ್ಮ ಸಾಯೇಬ್ರು ಬೈದ್ರು ಅಂತ ನೀ ಉಣ್ಣದೆ ಮನಿಕ್ಕಂಡ್ಯಲ್ಲ, ಅವತ್ತಿಂದ ಎರಡಾಕ್ತಿವ್ನಿ."

೫. ಅಂದರೆ, ಫಲಿತಾಂಶ ಕೆಟ್ಟಷ್ಟೂ ಸೊಸೆಯ ಮುಖ ಬಾಡಿ, ಮುಖ ಬಾಡಿದಷ್ಟೂ ಗೊಬ್ಬರ ಹೆಚ್ಚಿ, ಗೊಬ್ಬರ ಹೆಚ್ಚಿದಷ್ಟೂ ಫಲಿತಾಂಶ ಕೆಟ್ಟಿರುತ್ತದೆ. ನಮ್ಮ ಮಾದರಿಯಲ್ಲಿ ಮಳೆ, ಇಳಿಜಾರು, ಮರಳಿನ ಕಾಳು, ಬೇರಿನ ಆಳ ಎಲ್ಲವೂ ಇವೆ. ಇದೊಂದು ಇಲ್ಲ.

೬. ಗೊಬ್ಬರ ನಿಲ್ಲಿಸಿ ಮತ್ತೆ ಪರೀಕ್ಷಿಸಬಹುದಲ್ಲ ಎಂದು ತಾವು ಕೇಳಬಹುದು. ಅದಕ್ಕೆ, ಫಲಿತಾಂಶ ಕೆಟ್ಟದ್ದು ನಿಮ್ಮಿಂದಲೇ ಎಂದು ಅತ್ತೆಯವರಿಗೆ ಹೇಳಬೇಕಾಗುತ್ತದೆ. ಅರ್ಜಿದಾರಳು ಹೇಳಲೆಂದೇ ಬಾಯಿ ತೆರೆದಳು. ಹೊರಬಂದದ್ದು "ಕಾಬಾಳೆ ಚೆನ್ನಾಗಿ ಹೂ ಬಿಟ್ಟಿದೆ ಅತ್ತೆ" ಎಂಬುದು. ಆಮೇಲೆ ಮಂಕರಿಯ ಇನ್ನೊಂದು ಅಂಚನ್ನು ತಾನೂ ಹಿಡಿದುಕೊಂಡದ್ದು ಸಂಶೋಧನಾ ನಿಯಮಗಳಿಗೆ ವಿರುದ್ಧವೆಂದು ಆಕೆ ಬಲ್ಲಳು.

ಆದ್ದರಿಂದ, ಹಾಸನವೇ ಆಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣವೇ ಆಗಲಿ, ಎಲ್ಲಿ ಇಂಥ ತೋಟ ಮಾಡಿದರೂ ಯಾರಾದರೊಬ್ಬ ತಾಯಿ ಮಂಕರಿ ಹೊತ್ತು ಬರುವುದು ಖಂಡಿತವಿರುವುದರಿಂದ, ಗೊಬ್ಬರ ಬಿದ್ದೇ ಬೀಳುತ್ತದೆಂದು ಎಣಿಸಿ ಮರಳಿನ ಆಳವನ್ನು ಹೊಸದಾಗಿ ಲೆಕ್ಕ ಹಾಕಲು ಅನುಮತಿ ನೀಡಬೇಕು. ಎಷ್ಟು ಹಾಕುತ್ತೀರೆಂದು ಕೇಳಿದ್ದಕ್ಕೆ ಶಿವಗಂಗಮ್ಮನವರು "ಗಿಡ ಕೇಳ್ದಷ್ಟು" ಎಂದಿದ್ದಾರೆ. ಇದನ್ನು ಕಿಲೋಗ್ರಾಮಿಗೆ ಇಳಿಸಲು ಆರು ತಿಂಗಳು ಬೇಕು.

ತಮ್ಮ ವಿಶ್ವಾಸ ಉಳಿದಿದ್ದಲ್ಲಿ, ತಮ್ಮ ವಿಶ್ವಾಸಿ,
ಪ್ರೇಮಕುಮಾರಿ

ಲಗತ್ತುಗಳು:
೧. ನೀರಿನ ಪರೀಕ್ಷಾ ವರದಿಗಳು.
೨. ಕಾಬಾಳೆ ಹೂವಿನ ಫೋಟೋ (ಅತ್ತೆಯವರ ಒತ್ತಾಯದ ಮೇರೆಗೆ).

ವಿ.ಸೂ.: ಅರ್ಜಿಯನ್ನು ತಿರಸ್ಕರಿಸುವುದಾದಲ್ಲಿ ದಯವಿಟ್ಟು ಅರ್ಜಿದಾರಳಿಗೆ ತಿಳಿಸಕೂಡದು. ಆಕೆಯ ಮುಖ ನೋಡಿದರೆ ಮನೆಯಲ್ಲಿ ಗೊತ್ತಾಗಿಬಿಡುತ್ತದೆ. ಪಾಪಯ್ಯನವರು ಮೊನ್ನೆಯಷ್ಟೇ ಇನ್ನೆರಡು ಎಮ್ಮೆ ತಂದಿರುತ್ತಾರೆ.