ಒತ್ತಡ ನಿವಾರಣೆಗೆ ಬಂದವರು

ವಿಜ್ಞಾನ ಓದಿದ ಹೆಂಡತಿಗೆ ಕನ್ನಡ ಎಂ.ಎ. ಮಾಡಿದ ಗಂಡ ಸಹಾಯ ಮಾಡಬಾರದು. ಮಾಡಿದರೂ ಪ್ರಚಾರದ ಹೊಣೆಯನ್ನಂತೂ ಹೊರಬಾರದು. ನಾನು ಎರಡನ್ನೂ ಮಾಡಿದೆ.

ನನ್ನಾಕೆ ಸುಮಿತ್ರಾ ಜಯನಗರದ ಕಾಲೇಜೊಂದರಲ್ಲಿ ಜೀವರಸಾಯನ ಪಾಠ ಹೇಳುತ್ತಾಳೆ. ಉತ್ತರಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳ ಭಾಷಣ ಏರ್ಪಾಡಾಯಿತು. ಕನ್ನಡದಲ್ಲಿ ಅದೇ ಮೊದಲು, ಒಳಗೊಳಗೇ ಅಳುಕು. ‘ಒತ್ತಡಕ್ಕೆ ಸಿಕ್ಕ ಜೀವಕೋಶವನ್ನು ಪ್ರೋಟೀನುಗಳು ಕಾಪಾಡುವ ಬಗೆ’ ಎಂದು ವಿಷಯ ಬರೆದುಕೊಟ್ಟಳು. ಇಷ್ಟುದ್ದದ್ದಕ್ಕೆ ಯಾರು ಬರುತ್ತಾರೆ? ವಾಟ್ಸಾಪ್ ಗುಂಪಿಗೆ ನಾನು ‘ಒತ್ತಡದಿಂದ ಪಾರಾಗುವುದು ಹೇಗೆ?’ ಎಂದಷ್ಟೇ ಹಾಕಿದೆ. ಸಂಕ್ಷಿಪ್ತತೆ ಸಾಹಿತ್ಯದ ಗುಣವಲ್ಲವೇ!

ಭಾನುವಾರ ಕುರ್ಚಿ ಸಾಲದೆ ಜನ ನಿಂತಿದ್ದರು. ಕೆಲವರು ಯೋಗದ ಚಾಪೆ ಬೇರೆ ತಂದು ಹಾಸಿಕೊಂಡಿದ್ದರು. ಸುಮಿತ್ರಾ ನನ್ನನ್ನೊಮ್ಮೆ ನೋಡಿದಳು. ಆ ನೋಟಕ್ಕೆ ಅನುವಾದ ಬೇಕಿರಲಿಲ್ಲ.

ಜೀವಕೋಶದೊಳಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲವಿದೆ, ಎಷ್ಟೋ ಹೊಸ ಪ್ರೋಟೀನುಗಳು ಸರಿಯಾಗಿ ಮಡಿಚಿಕೊಳ್ಳುವುದು ಅಲ್ಲೇ, ಅಡ್ಡಾದಿಡ್ಡಿ ಮಡಿಚಿಕೊಂಡವು ರಾಶಿ ಬಿದ್ದರೆ ಕೋಶಕ್ಕೆ ಒತ್ತಡ ಎಂದು ಅವಳು ಶುರುಮಾಡಿದಳು.

“ಮೇಡಂ, ಮಾತ್ರೆ ಯಾವ್ದು?” ಮೇಲಿನ ಮನೆಯ ರಂಗಣ್ಣ ಕೇಳಿದರು.

“ಮಾತ್ರೆ ಇಲ್ಲ ಸಾರ್.”

ಚಾಪೆಗಳು ಸುತ್ತಿಕೊಳ್ಳತೊಡಗಿದವು. ಸುಮಿತ್ರಾಳ ಧ್ವನಿ ಇಳಿಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗ ಅವಳು ಕೈಯಲ್ಲಿದ್ದ ಕಾಗದ ಕೆಳಗಿಟ್ಟು, “ಇಲ್ಲಿ ಯಾರ್‌ಯಾರಿಗೆ ಶುಗರ್ ಇದೆ?” ಎಂದಳು.

ನನಗೂ ಇದೆ; ಬೆಂಬಲವಾಗಲೆಂದು ನಾನೇ ಮೊದಲು ಕೈ ಎತ್ತಿದೆ. ಹಿಂದೆಯೇ ಅರ್ಧ ಸಭೆ ಎತ್ತಿತು. ಎದ್ದವರು ಕೂತರು.

“ಇನ್ಸುಲಿನ್ನೂ ಪ್ರೋಟೀನೇ. ಶುಗರ್ ಏರಿದಷ್ಟೂ ಅದನ್ನ ಮಾಡೋ ಕೋಶಗಳಿಗೆ ಕೆಲಸ ಜಾಸ್ತಿ, ಮಡಿಚೋದು ತಪ್ಪತ್ತೆ. ಆಗ ಕೋಶ ಹೊಸ ಉತ್ಪಾದನೆ ತಗ್ಗಿಸಿ, ಸಹಾಯಕ ಪ್ರೋಟೀನುಗಳನ್ನ ಹೆಚ್ಚಿಸ್ಕೊಳ್ಳತ್ತೆ. ಅವು ಕೆಟ್ಟು ಕೂತಿದ್ದನ್ನ ಹಿಡ್ಕೊಂಡು, ಸರಿಯಾಗಿ ಮಡಿಚಿಕೊಳ್ಳೋಕೆ ನೆರವಾಗ್ತವೆ.”

“ಅವೂ ಸೋತ್ರೆ?” ರಂಗಣ್ಣನ ಹೆಂಡತಿ ಕಮಲಮ್ಮ ಕೇಳಿದರು.

“ಕೋಶ ಸಾಯತ್ತೆ.”

“ಪಾಪ, ನಮಗೋಸ್ಕರ ಒಳಗೆ ಅಷ್ಟೊಂದು ಒದ್ದಾಡ್ತವಾ!” ಎಂದ ಕಮಲಮ್ಮನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಆಮೇಲೆ ಪ್ರಶ್ನೆಗಳೋ ಪ್ರಶ್ನೆಗಳು. ಸುಮಿತ್ರಾ ಅರಳಿಹೋದಳು. ಈ ಯಶಸ್ಸಿನಲ್ಲಿ ನನ್ನದೂ ಒಂದು ಪಾಲಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮೊನ್ನೆ ಕತ್ರಿಗುಪ್ಪೆಯ ಸಿಹಿ ಅಂಗಡಿಯಲ್ಲಿ ಮೈಸೂರು ಪಾಕು ಕಟ್ಟಿಸುತ್ತಿದ್ದೆ. ಬೆನ್ನ ಹಿಂದೆ ಕಮಲಮ್ಮನ ದನಿ: “ಏನ್ ಸಾರ್, ಅವು ಅಲ್ಲಿ ಒಳಗೆ ಒದ್ದಾಡ್ತಿದ್ರೆ ನಿಮಗಿಲ್ಲಿ ಮೈಸೂರ್ ಪಾಕಾ?”

“ಛೆ ಛೆ, ಇದು ಸುಮಿತ್ರಾಗೆ.”

“ಹೌದಾ? ಹಾಗಾದ್ರೆ ನಾನೇ ಕೊಟ್ಬಿಡ್ತೀನಿ, ಅವರ ಹತ್ರಾನೇ ಹೋಗ್ತಿದೀನಿ,” ಎಂದು ಪೊಟ್ಟಣ ಇಸಿದುಕೊಂಡು ನಡೆದೇಬಿಟ್ಟರು.

ದುಡ್ಡು ಕೊಡುವ ಕೆಲಸವನ್ನು ಮಾತ್ರ ನನಗೇ ಬಿಟ್ಟಿದ್ದರು.