ಮನೆಯದೇ ಒಂದು ಉದಾಹರಣೆ

ಇಂಗ್ಲಿಷ್ ಪದಗಳಿಗೆ ಸುಲಭದ ಅರ್ಥ ಹೇಳಿಕೊಡುವವರ ಮೇಲೆ ಜನಕ್ಕೆ ಯಾಕೆ ಅನುಮಾನ ಬರುತ್ತದೋ ಗೊತ್ತಿಲ್ಲ. ನಾನು ಟ್ಯೂಷನ್‌ಗೆ ಹೋದಲ್ಲೆಲ್ಲ ಬಂದಿದೆ. ಅದರಲ್ಲೂ ಚೆನ್ನೈ ಅಂಬತ್ತೂರಿನ ಆ ಮನೆಯಲ್ಲಿ. ಉಡುಪಿ ಕಡೆಯವರು, ಕಾರ್ಖಾನೆಗಳ ಎಸ್ಟೇಟ್ ಹತ್ತಿರ ಅವರದೊಂದು ಸಸ್ಯಾಹಾರಿ ಹೋಟೆಲು. ಎರಡನೇ ಕ್ಲಾಸಿನ ಮಗಳಿಗೆ ನಾನು ಮಿಸ್. ಆ ಟ್ಯೂಷನ್ ಉಳಿದರೆ ಮಾತ್ರ ನನ್ನ ಕಂಪ್ಯೂಟರ್ ಕ್ಲಾಸಿಗೆ ಫೀಸು. ನನ್ನದೋ ಸಣ್ಣ ಧ್ವನಿ. ಪಿಸುಗುಟ್ಟುವವಳನ್ನು ಆ ಮನೆಯ ಅಜ್ಜಿ ಮೊದಲ ದಿನದಿಂದಲೇ ನಂಬಲಿಲ್ಲ.

ಗೆಸ್ಟ್

ನನ್ನ ಕ್ರಮ ಇಷ್ಟೇ: ಒಂದು ಸಾಲಿನ ಅರ್ಥ ನಾನು ಹೇಳುವುದು, ಮನೆಯದೇ ಒಂದು ಉದಾಹರಣೆ ಹುಡುಗಿ ಕೊಡುವುದು. ಗೆಸ್ಟ್ ಎಂದರೆ ನಮ್ಮ ಮನೆಗೆ ಬಂದು, ಸ್ವಲ್ಪ ದಿನ ಇದ್ದು, ವಾಪಸ್ ಹೋಗುವವರು ಎಂದೆ. ಅವಳು ಯೋಚಿಸಿ, ಅರ್ಧ ತಮಿಳಿನಲ್ಲಿ ಹೇಳಿದಳು:

"ಅಪ್ಪಡೀನಾ ನಮ್ಮ ಚಿಕ್ಕಪ್ಪ ಗೆಸ್ಟ್ ಇಲ್ಲೆ, ಮಿಸ್."

ಹಾಗಾದರೆ ಚಿಕ್ಕಪ್ಪ ಗೆಸ್ಟ್ ಅಲ್ಲವಂತೆ. ಕಳೆದ ದೀಪಾವಳಿಗೆ ಕೆಲಸ ಹುಡುಕಲೆಂದು ಬಂದ ಚಿಕ್ಕಪ್ಪ ಅಲ್ಲೇ ಪೇಪರ್ ಓದುತ್ತಿದ್ದರು. ಮರುದಿನದಿಂದ ನಾನು ಬರುವ ಹೊತ್ತಿಗೆ ಸರಿಯಾಗಿ ಅವರು ಕೆಲಸ ಹುಡುಕಲು ಹೊರಡತೊಡಗಿದರು.

ಲೆಫ್ಟ್‌ಓವರ್

ಮನೆಯ ಸುದ್ದಿ ತೆಗೆಯುವುದಕ್ಕೇ ನಾನು ಬರುವುದೆಂದು ಅಜ್ಜಿಗೆ ಖಾತ್ರಿಯಾಯಿತು. ಬತ್ತಿ ಹೊಸೆಯುತ್ತಾ ಪಕ್ಕದಲ್ಲೇ ಕೂರಲು ಶುರುಮಾಡಿದರು. ಲೆಫ್ಟ್‌ಓವರ್ ಎಂದರೆ ಎಲ್ಲರೂ ತಿಂದ ಮೇಲೆ ಉಳಿದದ್ದು ಎಂದೆ. ಹುಡುಗಿ ಥಟ್ಟನೆ, ಹೋಟೆಲಿನ ಬೆಳಗಿನ ವಡೆ, ಸಂಜೆ ಅದನ್ನೇ ಮೊಸರಿಗೆ ಹಾಕಿ ಮೊಸರುವಡೆ ಮಾಡುತ್ತಾರೆ ಎಂದಳು.

ಮಾತು ಹೋಟೆಲಿಗೂ ಮುಟ್ಟಿತು. ಅವಳ ಅಪ್ಪ ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಮೆತ್ತಗೆ ಕೇಳಿದರು: "ನಮ್ಮ ಎದುರಿನ ಹೋಟೆಲಿನವರು ನಿಮಗೆ ಎಂತಾದರೂ ಸಂಬಂಧವಾ?"

ಇಲ್ಲವೆಂದು ತಲೆಯಾಡಿಸಿದೆ. ಕಾಫಿ ಚೆನ್ನಾಗಿತ್ತು. ಬೆಳಗಿನದಾ ಎಂದು ಕೇಳುವ ಧೈರ್ಯ ಬರಲಿಲ್ಲ.

ಟ್ರೀ

ಇನ್ನೊಂದು ಸಲ ಮನೆಯ ಮಾತು ಹೊರಬಿದ್ದರೆ ಟ್ಯೂಷನ್ ಬಂದ್ ಎಂದರು ಅಪ್ಪ. ಪದವನ್ನು ತಾವೇ ಆರಿಸುವುದಾಗಿ ಹೇಳಿ, ಪುಸ್ತಕ ತಿರುವಿ ತಿರುವಿ, ಯಾವ ಅಪಾಯವೂ ಇಲ್ಲದ್ದೆಂದು "ಟ್ರೀ" ತೋರಿಸಿ, ಎದುರಿಗೇ ಕುಳಿತರು.

ಟ್ರೀ ಎಂದರೆ ಕಾಂಡ, ಕೊಂಬೆ, ಎಲೆ ಇದ್ದು ಎತ್ತರಕ್ಕೆ ಬೆಳೆಯುವುದು ಎಂದೆ. ಉದಾಹರಣೆ ಕೇಳಲೇ ಇಲ್ಲ. ಆದರೆ ಹುಡುಗಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಹೋಟೆಲ್ ಹಿಂದೆ ಬೇವಿನ ಮರ ಇದೆಯಲ್ಲ ಮಿಸ್, ಅಪ್ಪ ಅಡಿಯಲ್ಲಿ ನಿಂತು ಸಿಗರೇಟ್ ಸೇದೋದು, ಅದು."

ಸಿಗರೇಟ್ ಬಿಟ್ಟೆನೆಂದು ದೇವರ ಮುಂದೆ ಅಜ್ಜಿಗೆ ಆಣೆ ಮಾಡಿದ್ದ ಅಪ್ಪ ಎದ್ದು ನಿಂತರು. ನಾಳೆಯಿಂದ ಬರುವುದು ಬೇಡ ಎಂದರು. ನಾನು ಚೀಲ ಎತ್ತಿಕೊಂಡೆ.

"ನೀ ಕೂತ್ಕೊ ಹೆಣ್ಣೇ," ಎಂದರು ಅಜ್ಜಿ, ಮಗನ ಮುಖದಿಂದ ಕಣ್ಣು ತೆಗೆಯದೆ. "ಆ ಪುಸ್ತಕದಲ್ಲಿ ಇನ್ನೆಷ್ಟು ಶಬ್ದ ಉಂಟು?"